ಬಲ್ಲವರೋ, ಬೇಕಾದವರೋ: ಚೆನ್ನೈ ಫುಟ್‌ಬಾಲ್ ತಂಡವೊಂದರ ಆಯ್ಕೆಯ ಇತಿಹಾಸ

2018ರ ಮಾರ್ಚ್ 17ರ ಸಂಜೆ ಚೆನ್ನೈಯ ಕನ್ನಡಿಗರಿಗೆ ಒಂದು ವಿಚಿತ್ರ ಇಕ್ಕಟ್ಟು ಎದುರಾಗಿತ್ತು. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ ಅಂತಿಮ ಪಂದ್ಯ. ಒಂದು ಕಡೆ ಹುಟ್ಟೂರಿನ ಬೆಂಗಳೂರು ಎಫ್‌ಸಿ, ಇನ್ನೊಂದು ಕಡೆ ಅನ್ನ ಕೊಟ್ಟ ಊರಿನ ಚೆನ್ನೈಯಿನ್ ಎಫ್‌ಸಿ. ಲೀಗ್ ಹಂತದಲ್ಲಿ ಬೆಂಗಳೂರು 18 ಪಂದ್ಯಗಳಿಂದ 40 ಅಂಕ ಗಳಿಸಿ ಮೊದಲನೆಯ ಸ್ಥಾನದಲ್ಲಿತ್ತು. ಎರಡನೆಯ ಸ್ಥಾನದ ಚೆನ್ನೈ ಗಳಿಸಿದ್ದು 32. ಒಂಬತ್ತನೆಯ ನಿಮಿಷದಲ್ಲೇ ಉದಾಂತ ಸಿಂಗ್ ಬಲದಿಂದ ಕಳಿಸಿದ ಚೆಂಡಿಗೆ ಸುನಿಲ್ ಚೆಟ್ರಿ ಮುಂದಕ್ಕೆ ಹಾರಿ ತಲೆ ಕೊಟ್ಟಾಗ, ಫಲಿತಾಂಶ ಮೊದಲೇ ಬರೆದಿಟ್ಟಂತಿದೆ ಎಂದು ಬಹುಮಂದಿ ತಿಳಿದಿರಬೇಕು. ಆದರೆ ಪಂದ್ಯ ಮುಗಿದಾಗ ಚೆನ್ನೈ 3–2ರಿಂದ ಗೆದ್ದಿತ್ತು.

ಆ ಗೆಲುವಿನ ಕುರಿತು ಆಗ ಬಂದ ಬರಹಗಳು ಹೆಚ್ಚಾಗಿ ಪಂದ್ಯದ ತೊಂಬತ್ತು ನಿಮಿಷಗಳನ್ನೇ ಕುರಿತವು. ನನಗೆ ಅದಕ್ಕಿಂತ ಕುತೂಹಲಕರವಾಗಿ ಕಾಣುವುದು ಅದಕ್ಕೂ ಎಂಟು ತಿಂಗಳು ಹಿಂದಿನ ಒಂದು ದಿನ. 2017ರ ಜುಲೈ 23ರಂದು ಮುಂಬೈಯಲ್ಲಿ ಹತ್ತು ತಂಡಗಳ ಪ್ರತಿನಿಧಿಗಳು ಹತ್ತು ಮೇಜುಗಳ ಸುತ್ತ ಕುಳಿತು, ಸರದಿಯ ಪ್ರಕಾರ ಭಾರತೀಯ ಆಟಗಾರರನ್ನು ಒಬ್ಬೊಬ್ಬರಾಗಿ ಆರಿಸಿಕೊಂಡರು. ‘ಡ್ರಾಫ್ಟ್’ ಎಂದು ಕರೆಯಲಾಗುವ ಈ ಪದ್ಧತಿಯೊಳಗೆ ಒಂದು ಹಳೆಯ ಪ್ರಶ್ನೆ ಅಡಗಿದೆ. ಸರದಿ ಬಂದಾಗ, ಉಳಿದವರಲ್ಲಿ ಎಲ್ಲರಿಗಿಂತ ಬಲ್ಲವನನ್ನು ಕರೆಯಬೇಕೋ, ಅಥವಾ ತಂಡದಲ್ಲಿ ಖಾಲಿಯಿರುವ ಜಾಗಕ್ಕೆ ಬೇಕಾದವನನ್ನು ಕರೆಯಬೇಕೋ?

ಈ ಪದ್ಧತಿ ಹುಟ್ಟಿದ್ದು ನಮ್ಮ ಕಾಲ್ಚೆಂಡಾಟದಲ್ಲಿ ಅಲ್ಲ, ಅಮೆರಿಕದವರು ‘ಫುಟ್‌ಬಾಲ್’ ಎಂದು ಕರೆಯುವ ಮತ್ತೊಂದು ಆಟದಲ್ಲಿ. 1930ರ ದಶಕದಲ್ಲಿ ಅಲ್ಲಿಯ ವೃತ್ತಿಪರ ಲೀಗಿನಲ್ಲಿ ಹಣವೂ ಹೆಸರೂ ಇದ್ದ ನಾಲ್ಕಾರು ತಂಡಗಳೇ ಒಳ್ಳೆಯ ಕಾಲೇಜು ಆಟಗಾರರನ್ನೆಲ್ಲ ಸೆಳೆದುಕೊಳ್ಳುತ್ತಿದ್ದವು. ಸೋಲುತ್ತಿದ್ದ ಫಿಲಡೆಲ್ಫಿಯಾ ತಂಡದ ಒಡೆಯ ಬರ್ಟ್ ಬೆಲ್ 1935ರಲ್ಲಿ ಒಂದು ಸಲಹೆ ಮುಂದಿಟ್ಟ: ಹಿಂದಿನ ವರ್ಷ ಕೊನೆಯಲ್ಲಿ ನಿಂತ ತಂಡ ಮೊದಲು ಆರಿಸಲಿ, ಮೊದಲು ನಿಂತದ್ದು ಕೊನೆಯಲ್ಲಿ ಆರಿಸಲಿ. 1936ರ ಫೆಬ್ರವರಿಯಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಮೊಟ್ಟಮೊದಲು ಆಯ್ಕೆಯಾದವನು ಜೇ ಬರ್ವಾಂಗರ್, ಆ ಕಾಲದ ಕಾಲೇಜು ಆಟದ ಬಹುದೊಡ್ಡ ಹೆಸರು. ಸಂಬಳದ ಮಾತು ಕೂಡಿಬರದೆ ಅವನು ಆ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಪಟ್ಟಿಯಿಂದ ಹೆಸರನ್ನು ಆರಿಸುವುದು ಬೇರೆ, ಮನುಷ್ಯನನ್ನು ಪಡೆಯುವುದು ಬೇರೆ ಎಂಬ ಪಾಠ ಈ ಪದ್ಧತಿಯ ಮೊದಲ ದಿನವೇ ಸಿಕ್ಕಿತ್ತು.

ಬೇಕಾದವನನ್ನು ಆರಿಸಿ ಕೆಟ್ಟವರ ಉದಾಹರಣೆಗೆ ಎಲ್ಲರೂ ನೆನೆಯುವುದು 1984ರ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಡ್ರಾಫ್ಟನ್ನು. ಎರಡನೆಯ ಸರದಿ ಪಡೆದಿದ್ದ ಪೋರ್ಟ್‌ಲ್ಯಾಂಡ್ ತಂಡ ಎತ್ತರದ ಆಳು ಸ್ಯಾಮ್ ಬೋವಿಯನ್ನು ಆರಿಸಿತು. ಮೂರನೆಯ ಸರದಿಯ ಶಿಕಾಗೋಗೆ ಮೈಕೆಲ್ ಜೋರ್ಡನ್ ಸಿಕ್ಕ. ಪೋರ್ಟ್‌ಲ್ಯಾಂಡಿನ ಲೆಕ್ಕ ಅಂದಿನ ಮಟ್ಟಿಗೆ ಮೂರ್ಖತನವೇನೂ ಅಲ್ಲ. ಜೋರ್ಡನ್ ಆಡುವ ಜಾಗದಲ್ಲಿ ಅವರಿಗೆ ಹಿಂದಿನ ವರ್ಷವಷ್ಟೇ ಆರಿಸಿದ ಕ್ಲೈಡ್ ಡ್ರೆಕ್ಸ್ಲರ್ ಇದ್ದ. ಕೊರತೆಯಿದ್ದದ್ದು ನಡುವಿನ ಎತ್ತರದ ಆಟಗಾರನದು. ಬೋವಿಯ ಕಾಲು ಮತ್ತೆ ಮತ್ತೆ ಮುರಿದದ್ದು, ಜೋರ್ಡನ್ ಜೋರ್ಡನ್ ಆದದ್ದು ಇವೆರಡೂ ಆಮೇಲಿನ ಸಂಗತಿಗಳು. ಆಮೇಲಿನದನ್ನು ಬಲ್ಲ ನಾವು ಹಿಂದಿನವರ ತೀರ್ಮಾನವನ್ನು ತೂಗುವಾಗ ತಕ್ಕಡಿ ನಮ್ಮ ಕಡೆಗೆ ವಾಲಿರುತ್ತದೆ. ಇತಿಹಾಸ ಬರೆಯುವವರು ಮರೆಯಬಾರದ ಎಚ್ಚರವಿದು.

ಡ್ರಾಫ್ಟ್ ಬರುವುದಕ್ಕೆ ಬಹಳ ಮೊದಲೇ ನಮ್ಮ ಫುಟ್‌ಬಾಲಿನಲ್ಲಿಯೂ ಇದೇ ಪ್ರಶ್ನೆ ಇತ್ತು, ರೂಪ ಮಾತ್ರ ಬೇರೆ. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬು 1949ರ ಹೊತ್ತಿಗೆ ಐವರು ಮುಂಚೂಣಿ ಆಟಗಾರರನ್ನು ಕಲೆಹಾಕಿತು: ಅಪ್ಪಾರಾವ್, ವೆಂಕಟೇಶ್, ಧನರಾಜ್, ಅಹ್ಮದ್ ಖಾನ್, ಸಾಲೇ. ಐವರೂ ದಕ್ಷಿಣದವರು. ಧನರಾಜ್ ಮತ್ತು ಅಹ್ಮದ್ ಖಾನ್ ಬೆಂಗಳೂರಿನ ಮೈದಾನಗಳಲ್ಲಿ ಬೆಳೆದವರು. ‘ಪಂಚಪಾಂಡವರು’ ಎಂದೇ ಕಲ್ಕತ್ತೆಯ ಜನ ಇವರನ್ನು ಕರೆದರು. 1949, 1950, 1951 ಹೀಗೆ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಆ ಕ್ಲಬ್ಬಿಗೆ ಬಂದಿತು. ಆ ಹೆಸರಿನಲ್ಲೇ ಅವರ ಗುಟ್ಟೂ ಇದೆ. ಪಾಂಡವರು ಐವರು ಭೀಮರಾಗಿರಲಿಲ್ಲ. ಒಬ್ಬ ಚೆಂಡನ್ನು ಬದಿಯಿಂದ ತರುವವನು, ಒಬ್ಬ ನಡುವೆ ಹಿಡಿದು ಹಂಚುವವನು, ಒಬ್ಬ ಬಲೆಯೊಳಗೆ ಸೇರಿಸುವವನು. ಒಬ್ಬೊಬ್ಬನ ಕಸುಬೂ ಬೇರೆ.

ಅದೇ ಕಾಲದಲ್ಲಿ ನೀಲಗಿರಿಯ ವೆಲ್ಲಿಂಗ್ಟನ್ನಿನ ಮದ್ರಾಸ್ ರೆಜಿಮೆಂಟಲ್ ಸೆಂಟರ್ ತಂಡ 1955ರಲ್ಲಿ ಮತ್ತು 1958ರಲ್ಲಿ ಡುರಾಂಡ್ ಕಪ್ ಗೆದ್ದಿತು. ಅದರ ಗೋಲ್‌ಕೀಪರ್ ಪೀಟರ್ ತಂಗರಾಜ್ ಮೊದಲು ಗೋಲು ಹೊಡೆಯುವ ಸೆಂಟರ್ ಫಾರ್ವರ್ಡ್ ಆಗಿದ್ದವರು. ಜಾಗ ಬದಲಾದ ಮೇಲೆ ಅವರು ಏಷ್ಯಾದ ಅತ್ಯುತ್ತಮ ಗೋಲ್‌ಕೀಪರರಲ್ಲಿ ಒಬ್ಬರೆನಿಸಿಕೊಂಡರು. ಒಬ್ಬನ ಪ್ರತಿಭೆ ಯಾವುದೆಂಬುದು ಅವನು ನಿಂತ ಜಾಗದಿಂದಲೇ ಗೊತ್ತಾಗುವುದೂ ಉಂಟು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇನ್ನು ಚೆನ್ನೈಯಿನ್ ತಂಡದ ಹುಟ್ಟಿಗೆ ಬರೋಣ. ಅದು ನಮ್ಮ ಮಟ್ಟಿಗೆ ಸ್ವಲ್ಪ ಸೂಕ್ಷ್ಮದ ಕಥೆ. 2014ರಲ್ಲಿ ಇಂಡಿಯನ್ ಸೂಪರ್ ಲೀಗಿನ ಎಂಟು ಫ್ರಾಂಚೈಸಿಗಳನ್ನು ಹಂಚಿದಾಗ ಚೆನ್ನೈಗೆ ಸ್ಥಾನವಿರಲಿಲ್ಲ. ಬೆಂಗಳೂರಿಗಿತ್ತು, ಅದರ ಒಡೆತನ ಸನ್ ಸಮೂಹದ್ದು. ಜುಲೈನಲ್ಲಿ ಮುಂಬೈಯಲ್ಲಿ ಮೊದಲ ಡ್ರಾಫ್ಟ್ ನಡೆದ ಹೊತ್ತಿಗೂ ಮೇಜಿನ ಮೇಲಿದ್ದದ್ದು ಬೆಂಗಳೂರಿನ ಹೆಸರೇ. ಪಂದ್ಯಾವಳಿ ಆರಂಭವಾಗುವ ಮುನ್ನವೇ ಆ ಏರ್ಪಾಡು ಮುರಿದುಬಿತ್ತು. ಆ ಖಾಲಿ ಜಾಗಕ್ಕೆ ಅಭಿಷೇಕ್ ಬಚ್ಚನ್ ಒಡೆತನದಲ್ಲಿ ಚೆನ್ನೈ ಬಂದಿತು. ಮಹೇಂದ್ರ ಸಿಂಗ್ ಧೋನಿ ಬಳಿಕ ಜೊತೆಗೂಡಿದರು. ಬೆಂಗಳೂರಿಗೆಂದು ಹಾಕಿದ ಎಲೆಯಲ್ಲಿ ಚೆನ್ನೈ ಕುಳಿತು ಉಂಡಿತು ಎನ್ನಬಹುದು. ಆ ಮೊದಲ ವರ್ಷವೇ ತಂಡ ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದು, ಸೆಮಿಫೈನಲ್‌ನಲ್ಲಿ ಕೇರಳಕ್ಕೆ ಸೋತಿತು.

2015ರಲ್ಲಿ ಕೆಲವು ಹೆಸರಾಂತ ಆಟಗಾರರಿಗಾಗಿ ಹರಾಜು ನಡೆಯಿತು. ಸುನಿಲ್ ಚೆಟ್ರಿಯನ್ನು ಮುಂಬೈ 1.2 ಕೋಟಿ ರೂಪಾಯಿಗೆ ಕೊಂಡಿತು, ಯೂಜಿನ್‌ಸನ್ ಲಿಂಗ್ಡೊ 1.05 ಕೋಟಿಗೆ ಪುಣೆಗೆ ಹೋದರು. ಚೆನ್ನೈ ಥೋಯ್ ಸಿಂಗ್ ಅವರಿಗೆ 86 ಲಕ್ಷ, ಗೋಲ್‌ಕೀಪರ್ ಕರಣ್‌ಜಿತ್ ಸಿಂಗ್ ಅವರಿಗೆ 60 ಲಕ್ಷ ಕೊಟ್ಟಿತು. ಆ ಡಿಸೆಂಬರಿನ ಮಹಾಪ್ರವಾಹ ಈ ಊರಿನಲ್ಲಿದ್ದ ಯಾರೂ ಮರೆಯುವಂಥದಲ್ಲ. ಚೆನ್ನೈಯಲ್ಲಿ ಆಗಬೇಕಿದ್ದ ಸೆಮಿಫೈನಲ್ ಪಂದ್ಯ ಪುಣೆಗೆ ಸ್ಥಳಾಂತರಗೊಂಡಿತು. ಅಲ್ಲಿ ಕೋಲ್ಕತ್ತವನ್ನು 3–0ರಿಂದ ಮಣಿಸಿದ ತಂಡ, ಡಿಸೆಂಬರ್ 20ರಂದು ಗೋವಾದ ಫತೋರ್ಡಾದಲ್ಲಿ ಆತಿಥೇಯರನ್ನು ಕೊನೆಯ ಕ್ಷಣದ ಎರಡು ಗೋಲುಗಳಿಂದ 3–2ಕ್ಕೆ ಸೋಲಿಸಿ ಮೊದಲ ಬಾರಿ ಪ್ರಶಸ್ತಿ ಪಡೆಯಿತು. ಮರುವರ್ಷ ಎಂಟು ತಂಡಗಳಲ್ಲಿ ಏಳನೆಯ ಸ್ಥಾನ. ತರಬೇತುದಾರ ಮಾರ್ಕೊ ಮತೆರಾಟ್ಸಿ ಹೊರನಡೆದರು, ಇಂಗ್ಲೆಂಡಿನ ಜಾನ್ ಗ್ರೆಗರಿ ಬಂದರು.

2017ರ ಡ್ರಾಫ್ಟ್ ನಡೆದದ್ದು ಈ ಹಿನ್ನೆಲೆಯಲ್ಲಿ. ಆ ವರ್ಷ ನಿಯಮಗಳು ಬದಲಾಗಿದ್ದವು, ಆ ಬದಲಾವಣೆಯನ್ನು ಅರಿಯದೆ ಆಯ್ಕೆಗಳ ಅರ್ಥವಾಗುವುದಿಲ್ಲ. ಹಿಂದೆ ಅಂಕಣದಲ್ಲಿ ಆರು ವಿದೇಶಿಯರು, ಐವರು ಭಾರತೀಯರು ಇರಬಹುದಾಗಿತ್ತು. ಈಗ ವಿದೇಶಿಯರು ಐವರೇ, ಭಾರತೀಯರು ಕನಿಷ್ಠ ಆರು ಮಂದಿ. ಅಂದರೆ ಹನ್ನೊಂದರಲ್ಲಿ ಭಾರತೀಯರ ಪಾಲು ಮೊದಲ ಬಾರಿಗೆ ಅರ್ಧಕ್ಕಿಂತ ಹೆಚ್ಚಾಯಿತು. ಎರಡೂವರೆ ತಿಂಗಳಲ್ಲಿ ಮುಗಿಯುತ್ತಿದ್ದ ಪಂದ್ಯಾವಳಿ ನವೆಂಬರಿನಿಂದ ಮಾರ್ಚಿಗೆ, ನಾಲ್ಕು ತಿಂಗಳಿಗೆ ಹಿಗ್ಗಿತು. ಹರಾಜಿನ ಕೂಗಾಟವಿಲ್ಲ. ಇನ್ನೂರಕ್ಕೂ ಹೆಚ್ಚು ಆಟಗಾರರ ಪಟ್ಟಿಯಲ್ಲಿ ಒಬ್ಬೊಬ್ಬರ ಬೆಲೆಯೂ ಮೊದಲೇ ನಿಗದಿಯಾಗಿತ್ತು. ಹಳೆಯ ತಂಡಗಳು ಇಬ್ಬರು ಹಿರಿಯರನ್ನೂ ಇಪ್ಪತ್ತೊಂದು ವರ್ಷದೊಳಗಿನ ಮೂವರನ್ನೂ ಮಾತ್ರ ಉಳಿಸಿಕೊಳ್ಳಬಹುದಿತ್ತು. ಮಿಕ್ಕವರೆಲ್ಲರೂ ಮತ್ತೆ ಪಟ್ಟಿಗೆ.

ಚೆನ್ನೈ ಉಳಿಸಿಕೊಂಡ ಹಿರಿಯರು ಮಿಜೋರಾಮಿನ ಗೋಲುಗಾರ ಜೆಜೆ ಲಾಲ್ಪೆಖ್ಲುವಾ ಮತ್ತು ಗೋಲ್‌ಕೀಪರ್ ಕರಣ್‌ಜಿತ್. ಕಿರಿಯರಲ್ಲಿ ಎಡಬದಿಯ ರಕ್ಷಕ ಜೆರ್ರಿ ಲಾಲ್ರಿಂಜುವಾಲಾ ಮತ್ತು ನಡುಗಣ ಆಟಗಾರ ಅನಿರುದ್ಧ್ ಥಾಪಾ. ಅಂಕಣದ ಒಂದು ತುದಿ, ಇನ್ನೊಂದು ತುದಿ, ಎಡಬದಿ, ನಡು: ನಾಲ್ಕು ಮೂಲೆಗೆ ನಾಲ್ಕು ಗೂಟ ಹೊಡೆದಂತೆ. ಡ್ರಾಫ್ಟಿನಲ್ಲಿ ಆರಿಸಿದ್ದು ಆ ಗೂಟಗಳ ನಡುವಿನ ಜಾಗ ತುಂಬುವವರನ್ನು: ಥೋಯ್ ಸಿಂಗ್, ಬಿಕ್ರಮ್‌ಜಿತ್ ಸಿಂಗ್, ಧನಪಾಲ್ ಗಣೇಶ್, ಜರ್ಮನ್‌ಪ್ರೀತ್ ಸಿಂಗ್, ಫ್ರಾನ್ಸಿಸ್ ಫರ್ನಾಂಡಿಸ್, ಮೊಹಮ್ಮದ್ ರಫಿ ಮೊದಲಾದವರು. ಇವರಲ್ಲಿ ಪತ್ರಿಕೆಗಳ ಮೊದಲ ಪುಟಕ್ಕೆ ಬರುವ ಹೆಸರು ಒಂದೂ ಇರಲಿಲ್ಲ.

ಮೊದಲ ಪುಟಕ್ಕೆ ಬಂದ ಹೆಸರುಗಳು ಬೇರೆ ಮೇಜುಗಳಲ್ಲಿದ್ದವು. ಹೊಸದಾಗಿ ಸೇರಿದ ಜಮ್‌ಶೆಡ್‌ಪುರ ಮೊಟ್ಟಮೊದಲು ಕರೆದದ್ದು ರಕ್ಷಕ ಅನಸ್ ಎಡತೊಡಿಕ ಅವರನ್ನು, ಬೆಲೆ 1.10 ಕೋಟಿ. ಬರಿಗೈಯಲ್ಲಿ ಬಂದ ತಂಡಕ್ಕೆ ಎಲ್ಲವೂ ಬೇಕಾದ್ದೇ, ಹಾಗಾಗಿ ಬಲ್ಲವನನ್ನು ಕರೆಯುವುದೇ ಸಹಜ. ಅಷ್ಟೇ ಬೆಲೆಯ ಲಿಂಗ್ಡೊ ಹಿಂದಿನ ವರ್ಷದ ಚಾಂಪಿಯನ್ ಕೋಲ್ಕತ್ತದ ಪಾಲಾದರು. ಗಾಯದಿಂದಾಗಿ ಅವರು ಋತುವಿನ ಬಹುಪಾಲು ಹೊರಗೇ ಉಳಿಯಬೇಕಾಯಿತು, ತಂಡ ಹತ್ತರಲ್ಲಿ ಒಂಬತ್ತನೆಯದಾಯಿತು. ಜಮ್‌ಶೆಡ್‌ಪುರವೂ ಸೆಮಿಫೈನಲ್ ತಲುಪಲಿಲ್ಲ. ಇದರಿಂದ ‘ದೊಡ್ಡ ಹೆಸರು ಬೇಡ’ ಎಂಬ ನೀತಿಯನ್ನು ಹಿಂಡಲು ನಾನು ಹೊರಟಿಲ್ಲ. ಮುರಿದ ಕಾಲಿಗೆ ಆರಿಸಿದವನ ಬುದ್ಧಿ ಕಾರಣವಲ್ಲ. ಒಬ್ಬನ ಮೇಲೆ ಹೆಚ್ಚು ಭಾರ ಹೊರಿಸಿದಷ್ಟೂ ಅವನಿಲ್ಲದಾಗ ಮಾಡು ಹೆಚ್ಚು ಬಾಗುತ್ತದೆ ಎಂಬಷ್ಟು ಮಾತ್ರ ಹೇಳಬಹುದು.

ಆ ದಿನದ ಇತಿಹಾಸದಲ್ಲಿ ಇನ್ನೊಂದು ನಷ್ಟವೂ ಇದೆ. ಅದು ಯಾವ ಮೇಜಿನ ಲೆಕ್ಕಕ್ಕೂ ಬರಲಿಲ್ಲ. 2017ರ ಏಪ್ರಿಲ್ 30ರಂದು ಮಿಜೋರಾಮಿನ ಪುಟ್ಟ ಕ್ಲಬ್ಬು ಐಜ್ವಾಲ್ ಎಫ್‌ಸಿ, ಇನ್ನೊಂದು ರಾಷ್ಟ್ರೀಯ ಪಂದ್ಯಾವಳಿಯಾದ ಐ-ಲೀಗ್ ಗೆದ್ದಿತ್ತು. ಕಲ್ಕತ್ತೆಯ ಹಳೆಯ ದೈತ್ಯರನ್ನೂ ಬೆಂಗಳೂರನ್ನೂ ಹಿಂದಿಕ್ಕಿದ ಆ ತಂಡದಲ್ಲಿ ಕೋಟಿ ಬೆಲೆಯವರು ಯಾರೂ ಇರಲಿಲ್ಲ. ಖಾಲಿದ್ ಜಮೀಲ್ ಎಂಬ ತರಬೇತುದಾರ, ಬೇರೆ ಕಡೆ ನೆಲೆ ಸಿಗದ ಕೆಲವರು, ಊರಿನ ಹುಡುಗರು. ಮೂರು ತಿಂಗಳೊಳಗೆ ಆ ತಂಡ ಚೆಲ್ಲಾಪಿಲ್ಲಿಯಾಯಿತು. ಜಯೇಶ್ ರಾಣೆ ಮತ್ತು ಅಶುತೋಷ್ ಮೆಹ್ತಾ ಕೋಲ್ಕತ್ತಕ್ಕೆ, ಗೋಲ್‌ಕೀಪರ್ ಅಲ್ಬಿನೊ ಗೋಮ್ಸ್ ದೆಹಲಿಗೆ, ಜಮೀಲ್ ಈಸ್ಟ್ ಬೆಂಗಾಲಿಗೆ. ಡ್ರಾಫ್ಟಿನ ಪಟ್ಟಿ ಐಜ್ವಾಲನ್ನು ಬಿಡಿ ಹೆಸರುಗಳಾಗಿ ನೋಡಿತು. ಅವರನ್ನು ಗೆಲ್ಲಿಸಿದ ಹೊಂದಿಕೆಗೆ ಪಟ್ಟಿಯಲ್ಲಿ ಕಾಲಮಿರಲಿಲ್ಲ, ಬೆಲೆಯೂ ಇರಲಿಲ್ಲ. ಮನೆ ಒಡೆದು ಕಂಬ, ತೊಲೆ, ಬಾಗಿಲುಗಳನ್ನು ಬೇರೆ ಬೇರೆಯಾಗಿ ಮಾರಿದಾಗ ಮರದ ಬೆಲೆ ಬರುತ್ತದೆ, ಮನೆಯ ಬೆಲೆ ಬರುವುದಿಲ್ಲ.

ಚೆನ್ನೈ ಆರಿಸಿಕೊಂಡವರಲ್ಲಿ ಧನಪಾಲ್ ಗಣೇಶ್ ಅವರ ಕುರಿತು ಎರಡು ಮಾತು ಹೇಳಬೇಕು. ಅವರು ಉತ್ತರ ಚೆನ್ನೈಯ ವ್ಯಾಸರ್ಪಾಡಿಯವರು. ಈ ಊರಿನಲ್ಲಿ ದಶಕಗಳಿಂದ ಇರುವ ಕನ್ನಡಿಗರಲ್ಲಿಯೂ ವ್ಯಾಸರ್ಪಾಡಿಯನ್ನು ರೈಲಿನ ಕಿಟಕಿಯಿಂದ ಮಾತ್ರ ಕಂಡವರೇ ಹೆಚ್ಚು. ದುಡಿಯುವ ಜನರ ಆ ಬಡಾವಣೆಯಲ್ಲಿ ಕ್ರಿಕೆಟ್ಟಿಗಿಂತ ಫುಟ್‌ಬಾಲಿಗೆ ಮನ್ನಣೆ ಹೆಚ್ಚು. ಧನಪಾಲ್ ಆಡುತ್ತಿದ್ದುದು ರಕ್ಷಣೆಗೆ ಸ್ವಲ್ಪ ಮುಂದೆ, ನಡುವಿನಲ್ಲಿ. ಎದುರಾಳಿಯ ಓಟವನ್ನು ಮುರಿಯುವುದು, ಚೆಂಡನ್ನು ಕಸಿದು ಹತ್ತಿರದವನಿಗೆ ಒಪ್ಪಿಸುವುದು, ಇಷ್ಟೇ ಕೆಲಸ. ದೂರದರ್ಶನದ ಮರುಪ್ರಸಾರದಲ್ಲಿ ಇಂಥ ಕೆಲಸ ಕಾಣುವುದು ಅಪರೂಪ. ಆದರೆ 2018ರ ಮಾರ್ಚ್ 13ರಂದು ಚೆನ್ನೈಯ ನೆಹರೂ ಕ್ರೀಡಾಂಗಣದಲ್ಲಿ ಗೋವಾ ವಿರುದ್ಧದ ಸೆಮಿಫೈನಲ್‌ನಲ್ಲಿ ಜೆಜೆ ಎರಡು ಗೋಲು ಹೊಡೆದರೆ, ನಡುವೆ ಒಂದು ಗೋಲು ಈ ಊರ ಹುಡುಗನದಾಗಿತ್ತು. 3–0ರಿಂದ ಗೆದ್ದು ತಂಡ ಬೆಂಗಳೂರಿನ ಹಾದಿ ಹಿಡಿಯಿತು.

ಅಂತಿಮ ಪಂದ್ಯದ ಹನ್ನೊಂದು ಮಂದಿಯನ್ನು ಒಮ್ಮೆ ಎಣಿಸಿ ನೋಡಿದರೆ ಈ ಲೆಕ್ಕ ಸ್ಪಷ್ಟವಾಗುತ್ತದೆ. ವಿದೇಶಿಯರು ಐವರು: ರಕ್ಷಣೆಯಲ್ಲಿ ಮೈಲ್ಸನ್ ಆಲ್ವೆಸ್, ಸೆರೆನೊ, ಕಾಲ್ಡೆರಾನ್, ಮುಂದೆ ರಾಫೆಲ್ ಆಗಸ್ಟೊ, ಗ್ರೆಗರಿ ನೆಲ್ಸನ್. ಭಾರತೀಯರು ಆರು: ಉಳಿಸಿಕೊಂಡ ಮೂವರು ಕರಣ್‌ಜಿತ್, ಜೆರ್ರಿ, ಜೆಜೆ, ಡ್ರಾಫ್ಟಿನಿಂದ ಬಂದ ಮೂವರು ಧನಪಾಲ್, ಬಿಕ್ರಮ್‌ಜಿತ್, ಫ್ರಾನ್ಸಿಸ್. ಚೆನ್ನೈಯ ಮೂರೂ ಗೋಲುಗಳು ವಿದೇಶಿಯರವು. ಮೈಲ್ಸನ್ ಆಲ್ವೆಸ್ ನೆಲ್ಸನ್ನರ ಕಾರ್ನರ್‌ಗಳಿಗೆ ತಲೆಯೊಡ್ಡಿ ಎರಡು, ಅರುವತ್ತೇಳನೆಯ ನಿಮಿಷದಲ್ಲಿ ರಾಫೆಲ್ ಆಗಸ್ಟೊ ಒಂದು. ಡ್ರಾಫ್ಟಿನ ಮೂವರು ಒಂದನ್ನೂ ಹೊಡೆಯಲಿಲ್ಲ. ಅವರಿಂದ ಅದನ್ನು ಯಾರೂ ನಿರೀಕ್ಷಿಸಿಯೂ ಇರಲಿಲ್ಲ. ಬೆಂಗಳೂರಿನಂಥ ತಂಡದ ಎದುರು ನಡುಗಣವನ್ನು ಕಾಯ್ದು, ವಿದೇಶಿ ರಕ್ಷಕರು ಕಾರ್ನರ್ ವೇಳೆ ಧೈರ್ಯವಾಗಿ ಮುಂದೆ ಹೋಗುವಂತೆ ಮಾಡಿದ್ದೇ ಅವರ ಪಾಲಿನ ಕೆಲಸ. ಮೈಲ್ಸನ್ನರ ತಲೆ ಎಲ್ಲರಿಗೂ ಕಂಡಿತು, ಅವರು ಬಿಟ್ಟುಬಂದ ಜಾಗದಲ್ಲಿ ನಿಂತವರ ಕಾಲು ಕಾಣಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ನೀತಿಕಥೆಯಾಗುತ್ತಿತ್ತು. ಇತಿಹಾಸ ಅಷ್ಟು ಸುಲಭವಾಗಿ ನೀತಿಗೆ ಒಗ್ಗುವುದಿಲ್ಲ. ಮರುವರ್ಷ ಬಹುಪಾಲು ಅದೇ ತಂಡ, ಅದೇ ತರಬೇತುದಾರರೊಂದಿಗೆ ಆಡಿದ ಚೆನ್ನೈಯಿನ್ 18 ಪಂದ್ಯಗಳಿಂದ ಕೇವಲ 9 ಅಂಕ ಗಳಿಸಿ ಹತ್ತನೆಯ, ಅಂದರೆ ಕಟ್ಟಕಡೆಯ ಸ್ಥಾನಕ್ಕೆ ಕುಸಿಯಿತು. ಬೆಂಗಳೂರು ಮತ್ತೆ ಫೈನಲ್ ತಲುಪಿತು. ಸರಿಯಾಗಿ ಒಂದು ವರ್ಷದ ಬಳಿಕ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದ ಕೊನೆಗೆ ಒಂದೇ ಗೋಲಿನಿಂದ ಪ್ರಶಸ್ತಿ ಗೆದ್ದಿತು. ಆ ಗೋಲು ಹೊಡೆದವರು ಚೆಟ್ರಿಯೂ ಅಲ್ಲ, ಮಿಕುವೂ ಅಲ್ಲ. 2017ರ ಡ್ರಾಫ್ಟಿನಲ್ಲಿ ಸದ್ದಿಲ್ಲದೆ ಬೆಂಗಳೂರು ಸೇರಿದ್ದ ರಕ್ಷಕ ರಾಹುಲ್ ಭೇಕೆ, ಅದೂ ಕಾರ್ನರಿಗೆ ತಲೆ ಕೊಟ್ಟು. ಹಿಂದಿನ ವರ್ಷ ತಮ್ಮ ನೆಲದಲ್ಲಿ ಕಲಿತ ಪಾಠವನ್ನು ಬೆಂಗಳೂರಿನವರು ಅದೇ ತಾರೀಕಿನಂದು ಒಪ್ಪಿಸಿದಂತಿತ್ತು.

ಚೆನ್ನೈ ಕುಸಿದದ್ದೇಕೆ? ‘ಬೇಕಾದ್ದು’ ಎಂಬುದು ನಿಂತಲ್ಲಿ ನಿಲ್ಲುವ ವಸ್ತುವಲ್ಲ ಎಂಬುದೇ ನನಗೆ ತೋರುವ ಉತ್ತರ. ಎದುರಾಳಿ ನಮ್ಮನ್ನು ಓದಿಕೊಂಡ ಮೇಲೆ, ವಯಸ್ಸು ಒಂದು ವರ್ಷ ಏರಿದ ಮೇಲೆ, ನಿನ್ನೆ ತುಂಬಿದ್ದ ಜಾಗ ಇಂದು ಮತ್ತೆ ಖಾಲಿ. ಪ್ರತಿಭೆ ಒಬ್ಬನ ಜೊತೆ ಹಲವು ವರ್ಷ ಇರುತ್ತದೆ. ಹೊಂದಿಕೆಯನ್ನು ಮಾತ್ರ ಪ್ರತಿ ವರ್ಷ ಹೊಸದಾಗಿ ಕಟ್ಟಬೇಕು. ಬಲ್ಲವನನ್ನೇ ಆರಿಸು ಎನ್ನುವವರ ವಾದದಲ್ಲಿ ಇರುವ ಸತ್ಯ ಇಷ್ಟು. ಅದನ್ನು ಅಲ್ಲಗಳೆಯಲಾಗದು.

ಉದ್ಯೋಗಪರ್ವದ ಪ್ರಸಂಗ ನಮಗೆಲ್ಲ ಗೊತ್ತಿದ್ದದ್ದೇ. ಮಲಗಿದ್ದ ಕೃಷ್ಣನ ತಲೆಯ ಬಳಿ ದುರ್ಯೋಧನ, ಕಾಲ ಬಳಿ ಅರ್ಜುನ. ಒಂದು ಕಡೆ ಆಯುಧ ಹಿಡಿಯದ ತಾನು, ಇನ್ನೊಂದು ಕಡೆ ತನ್ನ ಸಮಸ್ತ ಸೇನೆ. ಕಿರಿಯನಾದ್ದರಿಂದ ಮೊದಲ ಆಯ್ಕೆ ಅರ್ಜುನನದು ಎಂದ ಕೃಷ್ಣ. ಅರ್ಜುನ ಕೃಷ್ಣನನ್ನು ಆರಿಸಿದ, ದುರ್ಯೋಧನ ಸೇನೆ ಸಿಕ್ಕಿತೆಂದು ಹಿಗ್ಗಿದ. ಇದನ್ನು ನಾವು ಸಂಖ್ಯೆಗಿಂತ ಮಹಿಮೆ ದೊಡ್ಡದು ಎಂಬ ಕಥೆಯಾಗಿ ಕೇಳುತ್ತ ಬಂದಿದ್ದೇವೆ. ಅರ್ಜುನ ಕೃಷ್ಣನನ್ನು ಎಲ್ಲಿ ಕೂರಿಸಿದ ಎಂಬುದನ್ನೂ ನೋಡಬೇಕು. ಬಿಲ್ಲಿಗೆ ಅವನಲ್ಲಿ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ರಥದ ಮುಂಭಾಗದಲ್ಲಿ. ಮೂರು ಲೋಕದ ಬಲ್ಲವನನ್ನು ಆರಿಸಿ, ತನಗೆ ಬೇಕಾದ ಸಾರಥಿಯ ಜಾಗದಲ್ಲಿ ಕೂರಿಸಿದ್ದು ಅವನ ಆಯ್ಕೆಯ ಜಾಣ್ಮೆ.

2017ರ ಬಳಿಕ ಇಂಡಿಯನ್ ಸೂಪರ್ ಲೀಗಿನಲ್ಲಿ ಡ್ರಾಫ್ಟ್ ನಡೆಯಲಿಲ್ಲ. ಆಟಗಾರರು ಈಗ ಕ್ಲಬ್ಬುಗಳೊಡನೆ ನೇರವಾಗಿ ಒಪ್ಪಂದ ಮಾಡಿಕೊಳ್ಳುತ್ತಾರೆ. ಬಲಹೀನ ತಂಡಕ್ಕೆ ಮೊದಲ ಸರದಿ ಕೊಡುವ ಬರ್ಟ್ ಬೆಲ್ಲನ ನ್ಯಾಯ ಇದರಿಂದ ಹೋಯಿತು. ಆದರೆ ಆ ನ್ಯಾಯದಲ್ಲಿ ಆಟಗಾರನ ಮಾತಿಗೆ ಎಡೆಯೇ ಇರಲಿಲ್ಲ ಎಂಬುದನ್ನೂ ನೆನೆಯಬೇಕು. ಯಾವ ಊರು, ಯಾವ ಭಾಷೆ, ಯಾವ ಗೆಳೆಯರ ನಡುವೆ ಮುಂದಿನ ವರ್ಷ ಕಳೆಯಬೇಕೆಂಬುದನ್ನು ಅವನ ಪರವಾಗಿ ಮೇಜಿನ ಸುತ್ತ ಕುಳಿತ ಇತರರು ತೀರ್ಮಾನಿಸುತ್ತಿದ್ದರು. ಹೊರನಾಡಿನಲ್ಲಿ ಬದುಕು ಕಟ್ಟಿಕೊಂಡ ನಮಗೆ ಇದು ಪೂರಾ ಅಪರಿಚಿತವಲ್ಲ. ರೈಲ್ವೆಯ ವರ್ಗಾವಣೆ, ಬ್ಯಾಂಕಿನ ನೇಮಕಾತಿ, ಹೋಟೆಲಿನ ಅಡುಗೆಮನೆಯಲ್ಲಿ ಖಾಲಿಯಾದ ಒಂದು ಜಾಗ ಇವೇ ನಮ್ಮ ಹಿಂದಿನ ತಲೆಮಾರಿನ ಬಹುಮಂದಿಯನ್ನು ಈ ಊರಿಗೆ ಕರೆತಂದವು. ಅವರನ್ನು ಯಾರೂ ಮೊದಲ ಸರದಿಯಲ್ಲಿ ಕರೆಯಲಿಲ್ಲ. ಇಲ್ಲೊಂದು ಕೆಲಸಕ್ಕೆ ಜನ ಬೇಕಿತ್ತು, ಬಂದರು. ಅವರೇನು ಬಲ್ಲವರೆಂಬುದು ಊರಿಗೆ ತಿಳಿದದ್ದು ಆಮೇಲೆ.

ಆ ಮಾರ್ಚ್ 17ರ ರಾತ್ರಿ ಯಾವ ತಂಡದ ಪರ ಎಂದು ಕೇಳಿದವರಿಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಈಗ ಕೇಳಿದರೆ, ವ್ಯಾಸರ್ಪಾಡಿಯ ಆ ಹುಡುಗನ ಪರ ಎಂದೇನು.